ಅಗ್ಗದ ಸಿಂಹ ಬೇಡ, ಮುದಿ ಕೋಣಕ್ಕೆ ಕಾಯಿರಿ

ಪ್ರಶ್ನೆ: ನನಗೆ ನಲವತ್ತಮೂರು ವರ್ಷ. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶದಲ್ಲಿ ವಾಸ. ಹದಿನಾಲ್ಕು ವರ್ಷದಿಂದ ಲೈಸೆನ್ಸ್ ಇಟ್ಟುಕೊಂಡು ಜಿಂಕೆ ಬೇಟೆಯಾಡುತ್ತಿದ್ದೇನೆ. ಹೊಡೆದದ್ದನ್ನು ಮನೆಯವರೆಲ್ಲ ತಿನ್ನುತ್ತೇವೆ. ಆಫ್ರಿಕಾಕ್ಕೆ ಹೋಗಿ, ಕಾಲ್ನಡಿಗೆಯಲ್ಲಿ ಜಾಡು ಹಿಡಿದು ಒಂದು ಕೇಪ್ ಬಫೆಲೋ, ಅಂದರೆ ಅಲ್ಲಿನ ಕಾಡಿನ ಕೋಣ, ಬೇಟೆಯಾಡಬೇಕು ಎನ್ನುವುದು ಚಿಕ್ಕಂದಿನ ಆಸೆ. ಎಂಟು ವರ್ಷ ಕೂಡಿಟ್ಟ ಮೇಲೆ ಬೇಕಾದ ಹಣದಲ್ಲಿ ಮೂರರಲ್ಲಿ ಎರಡು ಪಾಲು ಆಗಿದೆ. ಈಗ ನನ್ನ ಬೇಟೆಯ ಜೊತೆಗಾರ ಬೇರೆ ಮಾತು ತಂದಿದ್ದಾನೆ. ದಕ್ಷಿಣ ಆಫ್ರಿಕಾದಲ್ಲಿ ಹೆಣ್ಣು ಸಿಂಹದ ಬೇಟೆ ಡಿಸ್ಕೌಂಟ್‌ನಲ್ಲಿ ಸಿಗುತ್ತಿದೆಯಂತೆ. ನಾಲ್ಕೇ ದಿನ, ಸಿಂಹ ಸಿಕ್ಕೇ ಸಿಗುತ್ತದೆ ಎಂದು ಗ್ಯಾರಂಟಿ. ನನ್ನ ಹತ್ತಿರ ಇರುವ ದುಡ್ಡಿನಲ್ಲಿ ಇನ್ನೂ ಮಿಗುತ್ತದೆ. ಶುಕ್ರವಾರದೊಳಗೆ ಮುಂಗಡ ಕಟ್ಟಬೇಕು. ಅದಕ್ಕೆ ಹೋಗಲಾ, ಇಲ್ಲ ಸಾಲ ಮಾಡಿ ಬಫೆಲೋಗೇ ಹೋಗಲಾ? ಹೆಂಡತಿ ಸಾಲ ಬೇಡ ಎನ್ನುತ್ತಾಳೆ, ಬೇರೇನೂ ಹೇಳುವುದಿಲ್ಲ. ಹನ್ನೊಂದು ವರ್ಷದ ಮಗಳು ‘ಅಪ್ಪಾ, ಅದನ್ನೂ ನಾವು ತಿಂತೀವಾ?’ ಎಂದು ಕೇಳಿದಳು. ನನಗೆ ಉತ್ತರ ಬರಲಿಲ್ಲ. ಎರಡು ವರ್ಷದ ಹಿಂದೆ ಒಂದು ಜಿಂಕೆ ನನ್ನ ಗುಂಡು ತಾಗಿ ಓಡಿಹೋಯಿತು. ಕತ್ತಲಾಗುವವರೆಗೂ ಹುಡುಕಿದೆ, ಸಿಗಲಿಲ್ಲ. ಈಗಲೂ ಕನಸಿಗೆ ಬರುತ್ತದೆ. ಇಂಥವನು ಇಷ್ಟು ದೊಡ್ಡ ಬೇಟೆಗೆ ಆಸೆಪಡಬಹುದಾ?

ಉತ್ತರ: ಶುಕ್ರವಾರ ಹತ್ತಿರ ಬಂತು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಸಿಂಹಕ್ಕೆ ಮುಂಗಡ ಕಟ್ಟಬೇಡಿ.

ಹೆಣ್ಣು ಸಿಂಹ, ನಾಲ್ಕು ದಿನ, ಡಿಸ್ಕೌಂಟ್, ಗ್ಯಾರಂಟಿ. ಈ ನಾಲ್ಕೂ ಒಟ್ಟಿಗೆ ಬಂದರೆ ಅದು ಫಾರ್ಮ್‌ನಲ್ಲಿ ಸಾಕಿದ ಸಿಂಹ ಎಂದೇ ತಿಳಿಯಿರಿ. ಕಾಡಿನ ಸಿಂಹದ ಬೇಟೆಗೆ ಎರಡು ಮೂರು ವಾರ ಮೀಸಲಿಡುತ್ತಾರೆ. ಅಷ್ಟು ದಿನ ಅಲೆದು ಬರಿಗೈಯಲ್ಲಿ ವಾಪಸ್ ಬಂದವರಿದ್ದಾರೆ. ಕಾಡಿನಲ್ಲಿ ಯಾರೂ ಯಾರಿಗೂ ಗ್ಯಾರಂಟಿ ಕೊಡಲಾರರು. ಹದಿನಾಲ್ಕು ವರ್ಷ ಜಿಂಕೆಯ ಹಿಂದೆ ನಡೆದವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಅಲ್ವಾ?

ಆ ಫಾರ್ಮ್‌ಗಳಲ್ಲಿ ಏನು ನಡೆಯುತ್ತದೆ ಎನ್ನುವುದು ಗುಟ್ಟೇನಲ್ಲ. ಮರಿ ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಬೇರೆ ಮಾಡುತ್ತಾರೆ, ತಾಯಿ ಬೇಗ ಮತ್ತೆ ಬೆದೆಗೆ ಬರಲಿ ಎಂದು. ಮರಿಗೆ ಬಾಟಲಿ ಹಾಲು. ಅದನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಲು ಪ್ರವಾಸಿಗಳು ದುಡ್ಡು ಕೊಡುತ್ತಾರೆ. ಸ್ವಲ್ಪ ದೊಡ್ಡದಾದರೆ ಅದರ ಜೊತೆ ವಾಕಿಂಗ್ ಹೋಗಲು ಇನ್ನೊಂದಷ್ಟು ಜನ ಕೊಡುತ್ತಾರೆ. ಕೇಸರ ಬಂದ ಗಂಡಿಗೆ ಬೆಲೆ ಜಾಸ್ತಿ. ಮರಿ ಹಾಕಿ ಹಾಕಿ ಸೋತ ಹೆಣ್ಣು ಅಗ್ಗ. ನಿಮ್ಮ ಗೆಳೆಯ ಹೇಳಿದ ಡಿಸ್ಕೌಂಟ್ ಅದೇ ಇರಬೇಕು. ಕೊನೆಗೆ ಬೇಲಿ ಹಾಕಿದ ಜಾಗಕ್ಕೆ ಬಿಟ್ಟು, ಗುಂಡು ಹಾರಿಸುವವರನ್ನು ಕರೆತರುತ್ತಾರೆ. ಅದು ಸತ್ತ ಮೇಲೂ ವ್ಯಾಪಾರ ನಿಲ್ಲುತ್ತಿರಲಿಲ್ಲ. ಎಲುಬು ಏಷ್ಯಾದ ಮಾರುಕಟ್ಟೆಗೆ ಹೋಗುತ್ತಿತ್ತು. 2017ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ಒಂದು ವರ್ಷಕ್ಕೆ 800 ಸಿಂಹಗಳ ಅಸ್ಥಿಪಂಜರ ರಫ್ತು ಮಾಡಬಹುದು ಎಂದು ಕೋಟಾ ಕೊಟ್ಟಿತ್ತು.

ಹುಟ್ಟಿದಾಗಿನಿಂದ ಮನುಷ್ಯರ ಕೈಯಿಂದಲೇ ತಿಂದ ಪ್ರಾಣಿ ಅದು. ಗಾಡಿಯ ಸದ್ದು ಕೇಳಿದರೆ ಊಟ ಬಂತು ಅಂದುಕೊಳ್ಳುವಂತೆ ಬೆಳೆದಿರುತ್ತದೆ. ಅದು ತಲೆಯೆತ್ತಿ ನಿಮ್ಮ ಕಡೆ ನೋಡಿದರೆ ಆ ನೋಟದಲ್ಲಿ ಏನಿರುತ್ತದೆ ಎಂದು ಒಂದು ನಿಮಿಷ ಯೋಚಿಸಿ. ಓಡಿಹೋದ ಜಿಂಕೆಯೇ ಎರಡು ವರ್ಷದಿಂದ ನಿಮ್ಮನ್ನು ಮಲಗಲು ಬಿಟ್ಟಿಲ್ಲ. ಈ ಸಿಂಹ ಬಿಡುತ್ತದೆಯೇ?

ಇದು ಬೇಟೆಯನ್ನು ವಿರೋಧಿಸುವವರ ಮಾತು ಮಾತ್ರ ಎಂದುಕೊಳ್ಳಬೇಡಿ. 2015ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ವೃತ್ತಿಪರ ಬೇಟೆಗಾರರ ಸಂಘವೇ ಸಾಕಿದ ಸಿಂಹದ ಬೇಟೆ ನಮಗೆ ಬೇಡ ಎಂದು ಮತ ಹಾಕಿತು. ಎರಡು ವರ್ಷಕ್ಕೆ ಸಂಘ ಆ ಮಾತು ಹಿಂದಕ್ಕೆ ತೆಗೆದುಕೊಂಡಾಗ, ಬಹಳ ಮಂದಿ ಸದಸ್ಯರು ಹೊರಗೆ ನಡೆದು ಬೇರೆ ಸಂಘ ಕಟ್ಟಿಕೊಂಡರು. 2018ರಲ್ಲಿ ಸಫಾರಿ ಕ್ಲಬ್ ಇಂಟರ್‌ನ್ಯಾಷನಲ್ ಇಂಥ ಬೇಟೆಯ ಜಾಹೀರಾತು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅದು ಬೇಟೆಗಾರರದ್ದೇ ದೊಡ್ಡ ಸಂಘಟನೆ. 2021ರಲ್ಲಿ ಆ ದೇಶದ ಸರ್ಕಾರವೇ ಸಿಂಹ ಸಾಕುವ ಈ ಉದ್ಯಮವನ್ನು ಮುಚ್ಚುತ್ತೇವೆ ಎಂದು ಹೇಳಿತು. ಇನ್ನೊಂದು ವಿಷಯ. ಆಸ್ಟ್ರೇಲಿಯಾ, ಫ್ರಾನ್ಸ್ 2015ರಲ್ಲೇ ಸಿಂಹದ ಟ್ರೋಫಿ, ಅಂದರೆ ಬೇಟೆಯ ನೆನಪಿಗೆ ಇಟ್ಟುಕೊಳ್ಳುವ ತಲೆ, ಚರ್ಮ, ಒಳಗೆ ಬಿಡುವುದಿಲ್ಲ ಎಂದವು. ಮರುವರ್ಷ ಅಮೆರಿಕ, ದಕ್ಷಿಣ ಆಫ್ರಿಕಾದಲ್ಲಿ ಸಾಕಿದ ಸಿಂಹದ ಟ್ರೋಫಿಗೆ ಬಾಗಿಲು ಹಾಕಿತು. ಅಂದರೆ ದುಡ್ಡೂ ಹೋಗಿ, ಚರ್ಮವೂ ಮನೆಗೆ ಬಾರದೆ ಇರಬಹುದು.

ಈಗ ಸಾಲದ ಮಾತು. ನಿಮ್ಮ ಹೆಂಡತಿ ಸರಿಯಾಗಿ ಹೇಳಿದ್ದಾರೆ. ಆದರೆ ನಾನು ಸಾಲ ಬೇಡ ಎನ್ನುವುದು ಬ್ಯಾಂಕಿನ ಕಂತಿಗೆ ಹೆದರಿ ಅಲ್ಲ.

ಹತ್ತು ದಿನದ ಬೇಟೆ, ಇವತ್ತು ಕೊನೆಯ ಸಂಜೆ ಎಂದುಕೊಳ್ಳಿ. ಕಾಲಿನಲ್ಲಿ ಬೊಬ್ಬೆ. ಬೆಳಕು ಇಳಿಯುತ್ತಿದೆ. ನೂರು ಮೀಟರ್ ದೂರದ ಪೊದೆಯಲ್ಲಿ ಒಂದು ಕೋಣ ಅರೆಬರೆ ಕಾಣುತ್ತಿದೆ. ಭುಜ ಸರಿಯಾಗಿ ಕಾಣುತ್ತಿಲ್ಲ, ವಯಸ್ಸೂ ಗೊತ್ತಾಗುತ್ತಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಬಂದವನಿಗೆ ಕೋವಿ ಇಳಿಸುವುದು ಕಷ್ಟ. ಸಾಲ ಮಾಡಿ ಬಂದವನಿಗೆ ಇನ್ನೂ ಕಷ್ಟ. ಬರಿಗೈಯಲ್ಲಿ ಹೋಗಿ ಐದು ವರ್ಷ ಕಂತು ಕಟ್ಟಬೇಕಲ್ಲ ಎನ್ನುವ ಯೋಚನೆ ಬೆರಳಿಗೆ ಇಳಿಯುತ್ತದೆ. ತಪ್ಪು ಗುಂಡು ಹೊರಡುವುದು ಅಂಥ ಹೊತ್ತಿನಲ್ಲೇ. ಗಾಯಗೊಂಡ ಬಫೆಲೋ ಜಿಂಕೆಯಂತೆ ಸುಮ್ನೆ ಓಡಿಹೋಗುವುದಿಲ್ಲ. ದಟ್ಟ ಪೊದೆಯೊಳಗೆ ನುಗ್ಗಿ ನಿಂತು ಕಾಯುತ್ತದೆ. ಅದನ್ನು ಹುಡುಕಿಕೊಂಡು ಒಳಗೆ ಹೋಗಬೇಕಾದವರು ಜಾಡು ಹಿಡಿಯುವ ಟ್ರ್ಯಾಕರ್ ಮತ್ತು ನಿಮ್ಮ ಜೊತೆಯ ವೃತ್ತಿಪರ ಬೇಟೆಗಾರ. ಅವರಿಗೂ ಮನೆ, ಮಕ್ಕಳು ಇದ್ದಾರೆ. ಜೊತೆಗೆ ಅಲ್ಲಿನ ನಿಯಮ ಒಂದಿದೆ, ಒಂದು ಹನಿ ರಕ್ತ ಬಿದ್ದರೂ ಪ್ರಾಣಿ ನಿಮ್ಮ ಲೆಕ್ಕಕ್ಕೆ. ಸಿಗಲಿ ಬಿಡಲಿ, ಹೊಡೆದ ಪ್ರಾಣಿಗೆ ಕೊಡುವ ಟ್ರೋಫಿ ಫೀ ಪೂರ್ತಿ ಕಟ್ಟಬೇಕು.

ಜಿಂಕೆಯ ವಿಷಯಕ್ಕೆ ಬರುತ್ತೇನೆ. ಪತ್ರದ ಕೊನೆಯಲ್ಲಿ, ಹೇಳಲೋ ಬೇಡವೋ ಎನ್ನುವಂತೆ ಬರೆದಿದ್ದೀರಿ. ನಾನು ಬೇಟೆಯಾಡಿದವಳಲ್ಲ, ನನ್ನಿಂದ ಆಗುವುದೂ ಇಲ್ಲ. ನಿಮ್ಮ ಆಸೆ ಓದಿದಾಗ ಮನಸ್ಸಿಗೆ ಕಸಿವಿಸಿ ಆಯಿತು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆದರೂ ಈ ಎರಡು ಸಾಲು ಓದಿದ ಮೇಲೆ ನಿಮ್ಮ ಮೇಲೆ ನಂಬಿಕೆ ಹುಟ್ಟಿತು. ಆ ಸಂಜೆ ನೀವು ಇನ್ನೊಂದು ಜಿಂಕೆ ಹುಡುಕಿಕೊಂಡು ಹೋಗಬಹುದಿತ್ತು. ಬದಲಿಗೆ ಎಲೆಯ ಮೇಲಿನ ರಕ್ತದ ಕಲೆ ಕಾಣದಷ್ಟು ಕತ್ತಲಾಗುವವರೆಗೂ ಅದನ್ನೇ ಹುಡುಕಿದಿರಿ. ಕನಸಿಗೆ ಬರುವುದು ತಪ್ಪೇನಲ್ಲ. ಅದನ್ನು ಓಡಿಸಿಬಿಡಲು ದೊಡ್ಡ ಪ್ರಾಣಿ ಹೊಡೆಯಬೇಕು ಎಂದು ಒಳಗೊಳಗೇ ಅನ್ನಿಸುತ್ತಿದ್ದರೆ ಮಾತ್ರ ನಿಲ್ಲಿ. ಹಾಗೆ ಅನ್ನಿಸುತ್ತಿದೆಯೇ ಎಂದು ನಿಮಗೆ ಮಾತ್ರ ಗೊತ್ತು.

ಹಾಗೇನೂ ಇಲ್ಲ ಎಂದಾದರೆ, ಬಫೆಲೋ ಆಸೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಈ ಪ್ರಾಣಿಯ ವಿಷಯದಲ್ಲಿ ಜೇಬು ಮತ್ತು ಮನಸ್ಸು ಎರಡೂ ಒಂದೇ ದಾರಿ ಹಿಡಿಯುವ ಜಾಗ ಒಂದಿದೆ.

ಬಫೆಲೋ ಕೋಣದ ಎರಡು ಕೊಂಬು ನೆತ್ತಿಯ ಮೇಲೆ ಕೂಡುವ ಜಾಗಕ್ಕೆ ಬೇಟೆಗಾರರು ‘ಬಾಸ್’ ಎನ್ನುತ್ತಾರೆ. ಹರೆಯದ ಕೋಣದಲ್ಲಿ ಅದು ಇನ್ನೂ ಮೆತ್ತಗೆ, ನಡುವೆ ಕೂದಲು ಕಾಣುತ್ತದೆ. ಎಂಟು ಒಂಬತ್ತು ವರ್ಷ ದಾಟುವ ಹೊತ್ತಿಗೆ ಬಂಡೆಯ ಹಾಗೆ ಗಟ್ಟಿಯಾಗುತ್ತದೆ. ಕೊಂಬಿನ ಅಗಲ, ಅಂದರೆ ಒಂದರ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ, 40 ಇಂಚು ದಾಟಬೇಕು ಎನ್ನುವ ಹಟ ಬೇಟೆಗಾರರಲ್ಲಿ ತುಂಬಾ ಹಳೆಯದು. ಆದರೆ ಅಗಲ ಜಾಸ್ತಿ ಕಾಣುವುದು ಒಳ್ಳೆ ಪ್ರಾಯದಲ್ಲಿ, ಹಿಂಡಿನಲ್ಲಿ ಇನ್ನೂ ಸಂತಾನ ಕೊಡಬೇಕಾದ ಕೋಣದಲ್ಲಿ. ವಯಸ್ಸಾದಂತೆ ತುದಿ ಸವೆಯುತ್ತದೆ, ಕೆಲವಕ್ಕೆ ಮುರಿದೇ ಹೋಗುತ್ತದೆ. ಹಿಂಡು ಬಿಟ್ಟು ಒಂಟಿಯಾಗಿ, ಇಲ್ಲವೇ ಎರಡು ಮೂರು ಒಟ್ಟಾಗಿ ಕೆಸರಿನಲ್ಲಿ ಹೊರಳಾಡಿಕೊಂಡಿರುವ ಮುದಿ ಕೋಣಗಳಿಗೆ ಅಲ್ಲಿ ‘ಡಗ್ಗಾ ಬಾಯ್’ ಎನ್ನುತ್ತಾರೆ. ಡಗ್ಗಾ ಅಂದರೆ ಕೆಸರು. ಮೈಮೇಲೆ ಒಣಗಿದ ಮಣ್ಣು, ಹರಿದ ಕಿವಿ, ಕೂದಲು ಉದುರಿದ ಮುಖ. ಹಿಂಡಿಗೆ ಕೊಡಬೇಕಾದದ್ದನ್ನು ಅದು ಕೊಟ್ಟಾಗಿದೆ. ಹಲ್ಲು ಸವೆದು, ಒಂದು ದಿನ ಸಿಂಹಗಳ ಕೈಗೆ ಸಿಗುವುದು ಅದರ ಮುಂದಿರುವ ದಾರಿ.

ಕೊಂಬು ಮುರಿದ, ಸವೆದ ಇಂಥ ಕೋಣಕ್ಕೆ ಎಷ್ಟೋ ಕಡೆ ಬೆಲೆ ಕಮ್ಮಿ, ಕೊಂಬಿನ ಅಳತೆಯ ದಾಖಲೆ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲದ್ದರಿಂದ. ಹುಡುಕಲು ಮಾತ್ರ ಕಷ್ಟ ಜಾಸ್ತಿ, ತಿಳಿವಳಿಕೆ ಜಾಸ್ತಿ ಬೇಕು. ನೀವು ಚಿಕ್ಕಂದಿನಿಂದ ಕನಸು ಕಂಡದ್ದು ಜಾಡು ಹಿಡಿದು ನಡೆಯುವುದನ್ನು ತಾನೆ? ಅದನ್ನು ಪೂರ್ತಿ ಕೊಡುವುದು ಇದೇ. ಇನ್ನೊಂದು ಖರ್ಚನ್ನೂ ಬಿಡಬಹುದು. ಕರಪತ್ರದಲ್ಲಿ ಹಾಕುವ ಬೆಲೆ ದಿನದ ದರ ಮತ್ತು ಟ್ರೋಫಿ ಫೀಗೆ ನಿಲ್ಲುತ್ತದೆ. ತಲೆ, ಚರ್ಮ ಶುದ್ಧ ಮಾಡಿ ಕಟ್ಟಿ ಕಳಿಸುವುದು, ಹಡಗು ಅಥವಾ ವಿಮಾನದ ಬಾಡಿಗೆ, ತುಂಬಿಸಿ ಗೋಡೆಗೆ ಹಾಕುವಂತೆ ಮಾಡಿಸುವುದು, ಈ ಬಿಲ್‌ಗಳೆಲ್ಲ ತಿಂಗಳುಗಳ ನಂತರ ಬರುತ್ತವೆ, ಆಗ ಕೈ ಕಚ್ಚುತ್ತದೆ. ಕೊಂಬನ್ನು ಅಲ್ಲೇ ಬಿಟ್ಟು ಬನ್ನಿ. ಎಂಟು ವರ್ಷದಲ್ಲಿ ಎರಡು ಪಾಲು ಕೂಡಿಸಿದವರಿಗೆ ಉಳಿದ ಒಂದು ಪಾಲಿಗೆ ನಾಲ್ಕು ವರ್ಷ ಬೇಕು. ಮುದಿ ಕೋಣ ಸಾಕು, ತಲೆ ಬೇಡ ಎಂದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ಆ ಸಮಯವನ್ನು ಅಭ್ಯಾಸಕ್ಕೆ ಕೊಡಿ. ಬಫೆಲೋಗೆ ಹಲವು ದೇಶಗಳಲ್ಲಿ .375 ಕ್ಯಾಲಿಬರ್‌ಗಿಂತ ಚಿಕ್ಕ ರೈಫಲ್ ಬಳಸುವಂತಿಲ್ಲ. ನಿಮ್ಮ ಜಿಂಕೆ ರೈಫಲ್‌ಗಿಂತ ಅದರ ಒದೆತ ಬೇರೆ. ಮೂರು ಕಾಲಿನ ಕೋಲಿನ ಮೇಲೆ ಇಟ್ಟು, ನಿಂತುಕೊಂಡೇ ಗುರಿ ಹಿಡಿಯುವುದು ರೂಢಿಯಾಗಬೇಕು. ಮತ್ತೊಂದು ಜಿಂಕೆ ಕನಸಿಗೆ ಬಾರದ ಹಾಗೆ ನೋಡಿಕೊಳ್ಳಲು ನಿಮ್ಮ ಕೈಯಲ್ಲಿರುವುದು ಇದೊಂದೇ.

ಮಗಳ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ನೀವೇ ಕಲಿಸಿದ ನಿಯಮವನ್ನು ನಿಮಗೇ ನೆನಪಿಸಿದ್ದಾಳೆ. ಹೊಡೆದರೆ ತಿನ್ನಬೇಕು ಎನ್ನುವುದು ನಿಮ್ಮ ಮನೆಯ ನಿಯಮ. ಏಳೆಂಟು ನೂರು ಕಿಲೋ ತೂಗುವ ಕೋಣದ ಮಾಂಸವನ್ನು ಮನೆಗೆ ತರಲು ಆಗುವುದಿಲ್ಲ. ಆದರೆ ಅದನ್ನು ಊರಿಗೆ ಹಂಚುವ ಜಾಗಗಳಿವೆ. ನಮೀಬಿಯಾದಲ್ಲಿ 1996ರಲ್ಲಿ ಕಾನೂನು ತಿದ್ದಿ, ತಮ್ಮ ನೆಲದ ಕಾಡುಪ್ರಾಣಿಗಳ ಮೇಲೆ ಹಳ್ಳಿಯವರಿಗೇ ಹಕ್ಕು ಕೊಟ್ಟರು. 1998ರಲ್ಲಿ ನಾಲ್ಕು ಸಮುದಾಯಗಳಿಂದ ಶುರುವಾದದ್ದು ಈಗ ಎಂಬತ್ತು ದಾಟಿದೆ. ಬೇಟೆಯ ಫೀ ಅವರ ಲೆಕ್ಕಕ್ಕೆ ಬರುತ್ತದೆ, ಕಾವಲಿನವರ ಸಂಬಳಕ್ಕೆ ಹೋಗುತ್ತದೆ, ಮಾಂಸ ಮನೆಗಳಿಗೆ ಹಂಚಿಕೆಯಾಗುತ್ತದೆ. ಎಲ್ಲ ಕಡೆ ಹೀಗಿಲ್ಲ. ದುಡ್ಡು ನಡುವಿನವರ ಕೈಯಲ್ಲೇ ಕರಗುವ ಕಡೆಗಳೂ ಇವೆ. ಕೀನ್ಯಾ 1977ರಲ್ಲೇ ಇಂಥ ಬೇಟೆ ನಿಲ್ಲಿಸಿತು. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ಶುರು ಮಾಡಿತು. ತಿಳಿದವರಲ್ಲೇ ಒಮ್ಮತ ಇಲ್ಲ. ಹಾಗಾಗಿ ಮಗಳಿಗೆ ‘ನಾವು ತಿನ್ನುವುದಿಲ್ಲ, ಅಲ್ಲಿನವರು ತಿನ್ನುತ್ತಾರೆ’ ಎಂದು ಹೇಳುವುದಾದರೆ, ಅದು ನಿಜವಾಗುವ ಜಾಗವನ್ನೇ ಆರಿಸಿ. ಅಷ್ಟಾದ ಮೇಲೂ ಅವಳು ‘ನಂಗೆ ಇಷ್ಟ ಇಲ್ಲ’ ಎಂದರೆ ವಾದ ಮಾಡಬೇಡಿ. ಹನ್ನೊಂದು ವರ್ಷದ ಹುಡುಗಿಗೆ ಹಾಗೆ ಅನ್ನಿಸುವ ಹಕ್ಕಿದೆ.

ಗೆಳೆಯನಿಗೆ ಇವತ್ತೇ ‘ಸಿಂಹಕ್ಕೆ ನಾನು ಬರಲ್ಲ’ ಎಂದು ಹೇಳಿ. ಅವನು ನಕ್ಕರೆ ನಗಲಿ.

ನಂತರ ನಿಧಾನವಾಗಿ, ಬಫೆಲೋ ಬೇಟೆ ಏರ್ಪಡಿಸುವ ಎರಡು ಮೂರು ಕಡೆಗೆ ಪತ್ರ ಬರೆಯಿರಿ. ಬೇಲಿ ಇದೆಯೇ, ಇದ್ದರೆ ಒಳಗೆ ಎಷ್ಟು ಜಾಗ, ಪ್ರಾಣಿ ಅಲ್ಲೇ ಹುಟ್ಟಿದ್ದೇ ಅಥವಾ ಲಾರಿಯಲ್ಲಿ ತಂದು ಬಿಟ್ಟದ್ದೇ ಎಂದು ಕೇಳಿ. ಮಾಂಸ ಯಾರಿಗೆ ಹೋಗುತ್ತದೆ ಎಂದು ಕೇಳಿ. ಕೊನೆಗೆ, ಹತ್ತು ದಿನ ನಡೆದು ನಾನು ಗುಂಡು ಹಾರಿಸದೆ ವಾಪಸ್ ಬಂದರೆ ಎಷ್ಟು ಕಟ್ಟಬೇಕು ಎಂದು ಕೇಳಿ. ಎಲ್ಲ ಸೇರಿಸಿ ಒಂದೇ ಪ್ಯಾಕೇಜ್ ಬೆಲೆ ಹೇಳಿದರೆ ನನಗೆ ಬೇಡ, ದಿನದ ದರ ಬೇರೆ, ಟ್ರೋಫಿ ಫೀ ಬೇರೆ ಇರಲಿ ಎನ್ನಿ. ಆಗ ಕೋವಿ ಇಳಿಸುವುದಕ್ಕೆ ನಿಮಗೆ ಖರ್ಚು ಬೀಳುವುದಿಲ್ಲ. ಈ ಕೊನೆಯ ಪ್ರಶ್ನೆಗೆ ಅವರು ಕೊಡುವ ಉತ್ತರವನ್ನು ನಿಮ್ಮ ಹೆಂಡತಿಗೆ ಓದಿ ಹೇಳಿ. ‘ಸಾಲ ಬೇಡ’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳದ ಅವರಿಗೆ ಆಗ ಏನಾದರೂ ಹೇಳುವುದಿರಬಹುದು. ಅದನ್ನು ಕೇಳಿಸಿಕೊಂಡ ಮೇಲೆ ತಾರೀಖು ಗೊತ್ತು ಮಾಡಿ.