ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಹಿರಿಯರ ಬಗ್ಗೆ ಮಾಹಿತಿ ಎಲ್ಲಿ ಸಿಗುತ್ತದೆ?

ನಿಮ್ಮ ಗಂಡನ ಅಜ್ಜನ ಅಜ್ಜ ಓಹಾಯೋದವರು, ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯದಲ್ಲಿದ್ದರು, ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ, ಮಗಳಿಗೆ ವಂಶವೃಕ್ಷ ಬರೆದುಕೊಡಬೇಕು ಅಂತ ಕೇಳಿದ್ದೀರಿ. ನಾನೂ ಅಮೆರಿಕದ ಮನೆಗೆ ಸೊಸೆಯಾಗಿ ಬಂದವಳು, ಇದೇ ಕೆಲಸ ಮಾಡಿದ್ದೇನೆ. ಅವರು ಸೈನಿಕರಾಗಿದ್ದದ್ದು ನಿಮ್ಮ ಅದೃಷ್ಟ. ಹೆಂಡತಿ ಅವರಿಗಿಂತ ಜಾಸ್ತಿ ಕಾಲ ಬದುಕಿದ್ದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಹೇಳುತ್ತೇನೆ.

ಮೊದಲು ಜನಗಣತಿ ನೋಡಿ. ಗೊತ್ತಿರುವ ಅಜ್ಜನಿಂದ ಶುರು ಮಾಡಿ ಒಂದೊಂದೇ ತಲೆಮಾರು ಹಿಂದೆ ಹೋಗಿ. 1840ರವರೆಗಿನ ಪಟ್ಟಿಗಳಲ್ಲಿ ಮನೆ ಯಜಮಾನರ ಹೆಸರು ಮಾತ್ರ ಇರುತ್ತದೆ. 1850ರಿಂದ ಮನೆಯವರೆಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಸಿಗುತ್ತದೆ. (ಗುಲಾಮರಾಗಿದ್ದವರನ್ನು ಬಿಟ್ಟು. ಅವರ ಹೆಸರುಗಳು ಪಟ್ಟಿಗೆ ಬರಲು 1870 ಆಗಬೇಕಾಯಿತು.) ಯಾರು ಯಾರಿಗೆ ಏನಾಗಬೇಕು ಅಂತ ಬರೆಯಲು ಶುರುವಾದದ್ದು 1880ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರು ಕಂಡ ಕೂಡಲೇ ಹೆಂಡತಿ ಅಂದುಕೊಳ್ಳಬೇಡಿ. ತಂಗಿಯೋ ನಾದಿನಿಯೋ ಆಗಿರಬಹುದು, ಅಲ್ವಾ? 1890ರದ್ದು ಹೆಚ್ಚುಕಡಿಮೆ ಉಳಿದೇ ಇಲ್ಲ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಗೆ ಹಾಳಾಯಿತು. ಇದೆಲ್ಲ ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಖಾತೆ ತೆರೆದರೆ ಸಾಕು.

ಆದರೆ ಜನಗಣತಿಯಲ್ಲಿ ಮನುಷ್ಯ ಸಿಗುವುದಿಲ್ಲ, ಬರೀ ಹೆಸರು ಸಿಗುತ್ತದೆ. ನಮ್ಮ ಕಡೆ ಹೆಳವರು ಬಂದು ವಂಶಾವಳಿ ಹೇಳುವ ಹಾಗೆ ಅಲ್ಲಿ ನಿಮಗೆ ಕಥೆ ಹೇಳುವುದು ಸರ್ಕಾರ ಸೈನಿಕರಿಗೂ ಅವರ ವಿಧವೆಯರಿಗೂ ಕೊಡುತ್ತಿದ್ದ ಪಿಂಚಣಿಯ ಫೈಲು, ಅದರಲ್ಲೂ ವಿಧವೆಯ ಫೈಲು. ಪಿಂಚಣಿ ಬೇಕಾದರೆ ಆಕೆ ಮದುವೆಯನ್ನೂ ಗಂಡನ ಸಾವನ್ನೂ ಚಿಕ್ಕ ಮಕ್ಕಳ ಹುಟ್ಟನ್ನೂ ರುಜುವಾತು ಮಾಡಬೇಕಿತ್ತು. ಓಹಾಯೋದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಜನನ ದಾಖಲೆ ಸರಿಯಾಗಿ ಶುರುವಾದದ್ದೇ 1867ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಮಗುವಿಗೆ ಸರ್ಟಿಫಿಕೇಟ್ ಎಲ್ಲಿಂದ ತರುವುದು? ಸೂಲಗಿತ್ತಿ, ನೆರೆಮನೆಯವರು, ಜೊತೆಗಿದ್ದ ಸೈನಿಕರು ಬಂದು ಪ್ರಮಾಣ ಮಾಡಿ ಹೇಳಬೇಕಿತ್ತು. ಮನೆಯ ಬೈಬಲ್ಲಿನಲ್ಲಿ ಹುಟ್ಟು-ಸಾವು ಬರೆದಿಟ್ಟ ಹಾಳೆಯನ್ನೇ ಕೆಲವರು ಹರಿದು ಕಳಿಸಿದ್ದಾರೆ. ಆ ಹಾಳೆಗಳು ಇವತ್ತಿಗೂ ಫೈಲಿನಲ್ಲಿವೆ. ನಮ್ಮ ಮಾವನವರ ಕಡೆಯ ಫೈಲಿನಲ್ಲಿ ನೆರೆಮನೆಯ ಹೆಂಗಸಿನ ಹೇಳಿಕೆ ಇದೆ. ಹೆರಿಗೆಯಾದಾಗ ತಾನು ಕೋಣೆಯಲ್ಲೇ ಇದ್ದೆ, ಮೆಕ್ಕೆಜೋಳದ ತೆನೆ ಮುರಿಯುವ ಕಾಲ ಅದು, ಗಂಡಸರೆಲ್ಲ ಹೊಲದಲ್ಲಿದ್ದರು ಅನ್ನುತ್ತಾಳೆ. ಕೆಳಗೆ ಸಹಿ ಇಲ್ಲ, ಹೆಬ್ಬೆಟ್ಟೂ ಇಲ್ಲ, ಒಂದು ಇಂಟು ಗುರುತು.

ಹೆಸರಿನ ತೊಡಕೂ ಇಲ್ಲೇ ಬಿಡಿಸಿಕೊಳ್ಳುವುದುಂಟು. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಆಮೇಲೆ ಎಷ್ಟೋ ಜನರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಗೊತ್ತಲ್ಲ? ಅವರು 1869ರಲ್ಲಿ ಮದುವೆಯಾದ ನೆಲ್ಸನ್ ಡೇವಿಸ್ ಸೈನ್ಯದಲ್ಲಿ ನೆಲ್ಸನ್ ಚಾರ್ಲ್ಸ್ ಅನ್ನುವ ಹೆಸರಲ್ಲಿದ್ದವರು. 1888ರಲ್ಲಿ ಗಂಡ ತೀರಿಕೊಂಡ ಮೇಲೆ, ಡೇವಿಸ್ ಮತ್ತು ಚಾರ್ಲ್ಸ್ ಇಬ್ಬರೂ ಒಬ್ಬರೇ ಅಂತ ಟಬ್‌ಮನ್ ತೋರಿಸಬೇಕಾಯಿತು. ತಿಂಗಳಿಗೆ 8 ಡಾಲರ್ ಮಂಜೂರಾದದ್ದು 1895ರಲ್ಲಿ. ಅಷ್ಟು ಹೆಸರಾದವರಿಗೇ ಈ ಪಾಡು! ಆದರೆ ಆ ಅಲೆದಾಟದ ಕಾಗದಪತ್ರಗಳಿಂದಲೇ ಅವರ ಸಂಸಾರದ ಎಷ್ಟೋ ಸಂಗತಿ ನಮಗೆ ತಿಳಿಯುವುದು.

ಪಿಂಚಣಿಯ ಸೂಚಿ ಕಾರ್ಡು ಆನ್‌ಲೈನ್ ಇದೆ. ಅದರಲ್ಲಿ ಸೈನಿಕನ ನಂಬರ್, ವಿಧವೆಯ ನಂಬರ್ ಬೇರೆ ಬೇರೆ ಇರುತ್ತವೆ, ಎರಡೂ ಬರೆದುಕೊಳ್ಳಿ. ಫೈಲು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿ (ನ್ಯಾಷನಲ್ ಆರ್ಕೈವ್ಸ್) ಇರುತ್ತದೆ, ದುಡ್ಡು ಕಟ್ಟಿದರೆ ಪ್ರತಿ ಕಳಿಸುತ್ತಾರೆ. ಖರ್ಚು ಅಂತ ಹಿಂದೆಮುಂದೆ ನೋಡಬೇಡಿ, ಪೂರ್ತಿ ಫೈಲನ್ನೇ ತರಿಸಿ. ಆನ್‌ಲೈನ್‌ನಲ್ಲಿ ಯಾರೋ ಹಾಕಿರುವ ವಂಶವೃಕ್ಷ ಸುಮ್ನೆ ನಕಲು ಮಾಡಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಅವರು ಯಾವ ಕೌಂಟಿಯವರು ಅಂತ ಗೊತ್ತಾದರೆ ಇಲ್ಲೇ ಬರೆಯಿರಿ, ಮದುವೆ ದಾಖಲೆ ಎಲ್ಲಿ ಹುಡುಕಬೇಕು ಅಂತ ಹೇಳುತ್ತೇನೆ.