ಮುಂದಿನ ಕ್ಯಾಮೆರಾದಲ್ಲಿ ಏನಿರಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂದೆ ಬರುವ ಕ್ಯಾಮೆರಾದಲ್ಲಿ ನಿಮಗೆ ಏನು ಬೇಕು ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಬೇಡಿಕೆಗಳಲ್ಲಿ ಕೆಲವಕ್ಕೆ ಬೆಳಕಿನ ನಿಯಮವೇ ಅಡ್ಡ ನಿಲ್ಲುತ್ತದೆ. ಕೆಲವು ಸಿಗುತ್ತವೆ, ಆದರೆ ಬೇರೇನನ್ನೋ ಬಿಟ್ಟುಕೊಡಬೇಕು. ಇನ್ನು ಕೆಲವನ್ನು ಕಂಪನಿಗಳು ಇವತ್ತೇ ಕೊಡಬಹುದಿತ್ತು, ಕೊಟ್ಟಿಲ್ಲ. ಯಾವುದು ಯಾವ ಗುಂಪಿನದು, ಅದು ಬರುವವರೆಗೆ ಕೈಯಲ್ಲಿರುವ ಕ್ಯಾಮೆರಾದಲ್ಲೇ ಏನು ಮಾಡಬಹುದು ಎಂಬುದನ್ನು ಇಲ್ಲಿ ನೋಡೋಣ.

ಪ್ರಶ್ನೆ: ರಂಗಭೂಮಿಯ ಚಿತ್ರಗಳನ್ನು ಕಡಿಮೆ ಬೆಳಕಿನಲ್ಲಿ ತೆಗೆಯುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 12,800ರಲ್ಲೂ ನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳು) ಇಲ್ಲದ ಸೆನ್ಸರ್ ಯಾವಾಗ ಬರುತ್ತದೆ?

ಸೆನ್ಸರ್ ಒಂದರಿಂದಲೇ ಅದು ಆಗುವುದಿಲ್ಲ. ಕತ್ತಲಲ್ಲಿ ಕಾಣುವ ನಾಯ್ಸ್‌ನಲ್ಲಿ ಬಹುಪಾಲು ಈಗ ಬೆಳಕಿನದೇ. ಬೆಳಕಿನ ಕಣಗಳಾದ ಫೋಟಾನ್‌ಗಳು ಒಂದೇ ಸಮನೆ ಬೀಳುವುದಿಲ್ಲ. ಎಷ್ಟು ದಾಖಲಾದವೋ ಅದರ ವರ್ಗಮೂಲದಷ್ಟು ಏರುಪೇರು ಇದ್ದೇ ಇರುತ್ತದೆ. ಒಂದು ಪಿಕ್ಸೆಲ್‌ನಲ್ಲಿ 10,000 ದಾಖಲಾದರೆ ಏರುಪೇರು 100, ಅಂದರೆ ನೂರಕ್ಕೆ ಒಂದು. 100 ಮಾತ್ರ ದಾಖಲಾದರೆ ಏರುಪೇರು 10, ನೂರಕ್ಕೆ ಹತ್ತು. ಇದನ್ನು ಯಾವ ಸೆನ್ಸರೂ ಅಳಿಸಲಾರದು.

ಹಾಗಾದರೆ ಇನ್ನೆಷ್ಟು ಬಾಕಿ ಇದೆ? ಒಳ್ಳೆಯ ಸೆನ್ಸರ್‌ಗಳು ತಮ್ಮನ್ನು ಮುಟ್ಟಿದ ಹಸಿರು ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈಗಾಗಲೇ ಹಿಡಿಯುತ್ತವೆ. ಪೂರ್ತಿ ಹಿಡಿದರೂ ಲಾಭ ಒಂದು ಸ್ಟಾಪ್‌ಗಿಂತ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್) ಕಡಿಮೆ. ದೊಡ್ಡ ಸೋರಿಕೆ ಇರುವುದು ಬಣ್ಣದ ಫಿಲ್ಟರ್‌ನಲ್ಲಿ. ಕೊಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ನಡೆಯುತ್ತಿದೆ: ಅರ್ಧ ಪಿಕ್ಸೆಲ್ ಹಸಿರು, ಕಾಲು ಕೆಂಪು, ಕಾಲು ನೀಲಿ. ಪ್ರತಿ ಪಿಕ್ಸೆಲ್ ತನ್ನದಲ್ಲದ ಬಣ್ಣವನ್ನು ಹೀರಿ ಹಾಳುಮಾಡುತ್ತದೆ. ಬೆಳಕನ್ನು ಸೋಸುವ ಬದಲು ಬಣ್ಣವಾರು ಬೇರ್ಪಡಿಸಿ ಪಕ್ಕದ ಪಿಕ್ಸೆಲ್‌ಗೆ ಕಳಿಸುವ ವಿನ್ಯಾಸಗಳು ಪ್ರಯೋಗಾಲಯದಲ್ಲಿವೆ. ಅವು ಬಂದರೆ ಸುಮಾರು ಇನ್ನೊಂದು ಸ್ಟಾಪ್. ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುವ 32 ಲಕ್ಷ ಪಿಕ್ಸೆಲ್‌ಗಳ ಸ್ಪ್ಯಾಡ್ ಸೆನ್ಸರನ್ನು ಕ್ಯಾನನ್ 2021ರಲ್ಲೇ ಪ್ರಕಟಿಸಿದೆ. ಅದು ಓದುವಾಗ ಸೇರುವ ನಾಯ್ಸನ್ನು ಇಲ್ಲವಾಗಿಸುತ್ತದೆ, ಬೆಳಕಿನ ಏರುಪೇರನ್ನಲ್ಲ.

ಎಲ್ಲ ಕೂಡಿದರೂ ಎರಡು ಸ್ಟಾಪ್ ಹತ್ತಿರ. ಎಫ್ 2.8 ಜೂಮ್ ತೆಗೆದು ಎಫ್ 1.4 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟು ಬೆಳಕಿನ ಕಿಂಡಿ ದೊಡ್ಡದು) ಹಾಕಿದರೆ ಅಷ್ಟೇ ಲಾಭ ಈ ರಾತ್ರಿಯೇ ಸಿಗುತ್ತದೆ. ಎಐ ನಾಯ್ಸ್ ಕಡಿತ ಬಳಸುವುದಾದರೆ ರಾ ಫೈಲ್ (ಸೆನ್ಸರ್ ದಾಖಲಿಸಿದ, ಸಂಸ್ಕರಿಸದ ಮಾಹಿತಿ) ಮೇಲೆ, ಎಲ್ಲಕ್ಕಿಂತ ಮೊದಲು ಮಾಡಿ. ಶಾರ್ಪನ್ ಮಾಡಿದ ಜೆಪೆಗ್ ಮೇಲೆ ಮಾಡಿದರೆ ಅದು ನಾಯ್ಸನ್ನೇ ವಿವರವೆಂದು ತಿಳಿದು ಹುಳುಗಳಂಥ ಗೆರೆ ಬಿಡಿಸುತ್ತದೆ. 100% ಗಾತ್ರದಲ್ಲಿ ಕೂದಲು, ನೇಯ್ಗೆ, ಹಿನ್ನೆಲೆಯ ಅಕ್ಷರ ಈ ಮೂರನ್ನು ನೋಡಿ. ಅಕ್ಷರ ಅಕ್ಷರವಾಗಿ ಉಳಿಯದಿದ್ದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ.

ಪ್ರಶ್ನೆ: ಆಕಾಶ ಬೆಳ್ಳಗಾಗಿ ಸುಟ್ಟುಹೋಗದಂತೆ ಪ್ರತಿ ಪಿಕ್ಸೆಲ್ ತನ್ನ ಎಕ್ಸ್‌ಪೋಷರನ್ನು ತಾನೇ ನಿರ್ಧರಿಸುವ ಕ್ಯಾಮೆರಾ ಬೇಕು. ಸಾಧ್ಯವೇ?

ಸಾಧ್ಯ, ದಾರಿಯಲ್ಲೂ ಇದೆ. ಪೂರ್ಣ ಫ್ರೇಮ್ (36×24 ಮಿ.ಮೀ.) ಸೆನ್ಸರಿನ ಒಂದು ಪಿಕ್ಸೆಲ್ 50,000 ಎಲೆಕ್ಟ್ರಾನ್ ಹಿಡಿಯುತ್ತದೆ, ಓದುವ ನಾಯ್ಸ್ 3 ಎಲೆಕ್ಟ್ರಾನ್ ಎಂದಿಟ್ಟುಕೊಳ್ಳಿ. ಎರಡರ ಅನುಪಾತ ಸುಮಾರು 16,700, ಅಂದರೆ ಕತ್ತಲಿನಿಂದ ಬೆಳಕಿನವರೆಗೆ 14 ಸ್ಟಾಪ್ ವ್ಯಾಪ್ತಿ. ತುಂಬಿ ಹೊರಚೆಲ್ಲುವ ಎಲೆಕ್ಟ್ರಾನ್‌ಗಳನ್ನು ಪಿಕ್ಸೆಲ್ ಪಕ್ಕದ ಇನ್ನೊಂದು ಕೆಪ್ಯಾಸಿಟರ್‌ನಲ್ಲಿ ಹಿಡಿದಿಡುವ ಸೆನ್ಸರ್‌ಗಳು ಫೋನ್‌ಗಳಿಗೆ ಬಂದಿವೆ. ದೊಡ್ಡ ಸೆನ್ಸರ್‌ಗೂ ಅದೇ ಬರಬೇಕೆಂಬುದು ನಮ್ಮ ಆಸೆ. ಐಎಸ್‌ಒ 200,000ಕ್ಕಿಂತ ಇದು ಎಷ್ಟೋ ಉಪಯುಕ್ತ.

ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ರಾ ಹಿಸ್ಟೋಗ್ರಾಂ, ಅಂದರೆ ರಾ ಫೈಲ್‌ನಲ್ಲಿ ಎಷ್ಟು ಪಿಕ್ಸೆಲ್ ಎಷ್ಟು ಬೆಳಗಿವೆ ಎಂದು ತೋರಿಸುವ ನಕ್ಷೆ. ಹೊಸ ಸೆನ್ಸರ್ ಬೇಡ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಸಾಕು, ಆದರೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇಲ್ಲ. ಹಿಂದಿನ ಪರದೆಯಲ್ಲಿ ಕಾಣುವುದು ಜೆಪೆಗ್‌ನ ಹಿಸ್ಟೋಗ್ರಾಂ. ವೈಟ್ ಬ್ಯಾಲೆನ್ಸ್‌ಗಾಗಿ ಹಗಲು ಬೆಳಕಿನಲ್ಲಿ ಕೆಂಪು ಚಾನೆಲ್ಲನ್ನು ಸುಮಾರು ಎರಡರಿಂದ ಗುಣಿಸಿ, ಮೇಲೆ ಕಾಂಟ್ರಾಸ್ಟ್ ಸೇರಿಸಿ ಮಾಡಿದ ಲೆಕ್ಕ ಅದು. ಕೆಂಪು ದಾಸವಾಳ ತೆಗೆದಾಗ ಬಣ್ಣ ಸುಟ್ಟಿದೆ ಎಂದು ಎಚ್ಚರಿಸಿ ಪರದೆ ಮಿನುಗುತ್ತದೆ, ನೀವು ಒಂದು ಸ್ಟಾಪ್ ಇಳಿಸುತ್ತೀರಿ, ರಾ ಫೈಲ್‌ನಲ್ಲಿ ನೋಡಿದರೆ ಕೆಂಪು ಅರ್ಧವೂ ತುಂಬಿರುವುದಿಲ್ಲ. ಕಳೆದುಕೊಂಡದ್ದು ನೆರಳಿನ ವಿವರ.

ನಿಮ್ಮ ಕ್ಯಾಮೆರಾ ಎಷ್ಟು ಸುಳ್ಳು ಹೇಳುತ್ತದೆ ಎಂದು ಅಳೆದುಕೊಳ್ಳಿ. ಸಮನಾದ ಬೆಳಕು ಬೀಳುವ ಬಿಳಿ ಗೋಡೆ, ಟ್ರೈಪಾಡ್, ಮ್ಯಾನ್ಯುಯಲ್ ಮೋಡ್, ಮೂಲ ಐಎಸ್‌ಒ, ಎಫ್ 5.6, ಫೋಕಸ್ ಬೇಕೆಂದೇ ತಪ್ಪಿಸಿರಲಿ. ಸ್ಪಾಟ್ ಮೀಟರ್ ಸೊನ್ನೆಗೆ ತಂದು, ಷಟರ್ ಮಾತ್ರ ಬದಲಿಸುತ್ತಾ +2ರಿಂದ +5ರವರೆಗೆ ಮೂರನೇ ಒಂದು ಸ್ಟಾಪ್ ಅಂತರದಲ್ಲಿ ತೆಗೆಯಿರಿ. ಯಾವ ಚಿತ್ರದಿಂದ ಪರದೆ ಮಿನುಗಲು ಶುರುವಾಯಿತು ಎಂದು ಬರೆದಿಡಿ. ಆಮೇಲೆ ರಾ ಡಿಗ್ಗರ್‌ನಂಥ ತಂತ್ರಾಂಶದಲ್ಲಿ ಹಸಿರು ಚಾನೆಲ್ ಯಾವ ಚಿತ್ರದಲ್ಲಿ ತನ್ನ ಮೇಲ್ಮಿತಿಗೆ ತಾಗಿ ನಿಂತಿತು ಎಂದು ನೋಡಿ. 14 ಬಿಟ್ ಫೈಲ್‌ನಲ್ಲಿ ಗರಿಷ್ಠ 16,383, ಎಷ್ಟೋ ಕ್ಯಾಮೆರಾಗಳು ಅದಕ್ಕೂ ಸ್ವಲ್ಪ ಮೊದಲೇ ನಿಲ್ಲುತ್ತವೆ. ಎರಡರ ನಡುವಿನ ಅಂತರವೇ ನಿಮ್ಮ ಉಳಿಕೆ. ಹೆಚ್ಚಾಗಿ ಅರ್ಧದಿಂದ ಒಂದು ಸ್ಟಾಪ್ ಆಸುಪಾಸಿನಲ್ಲಿ ಬರುತ್ತದೆ. ಪಿಕ್ಚರ್ ಸ್ಟೈಲನ್ನು ನ್ಯೂಟ್ರಲ್‌ಗೆ ತಂದು ಕಾಂಟ್ರಾಸ್ಟ್ ಪೂರ್ತಿ ಇಳಿಸಿದರೆ ಪರದೆಯ ಲೆಕ್ಕ ರಾ ಲೆಕ್ಕಕ್ಕೆ ಹತ್ತಿರವಾಗುತ್ತದೆ. ಈ ಅಳತೆ ಆಯಾ ಬೆಳಕಿಗೆ ಸೀಮಿತ. ಹಳದಿ ಬಲ್ಬಿನ ಕೆಳಗೆ ಗುಣಾಕಾರ ನೀಲಿಗೆ ಹೆಚ್ಚಾಗುವುದರಿಂದ ಅಲ್ಲಿ ಇನ್ನೊಮ್ಮೆ ಮಾಡಬೇಕು.

ಪ್ರಶ್ನೆ: ಗ್ಲೋಬಲ್ ಷಟರ್ ಎಲ್ಲ ಕ್ಯಾಮೆರಾಗಳಿಗೂ ಬರುತ್ತದೆಯೇ? ಅಲ್ಲಿಯವರೆಗೆ ಹೊಸ ಕ್ಯಾಮೆರಾ ಕೊಳ್ಳದೆ ಕಾಯಬೇಕೇ?

ಕಾಯಬೇಡಿ. 2023ರ ನವೆಂಬರ್‌ನಲ್ಲಿ ಸೋನಿ ಪ್ರಕಟಿಸಿದ ಎ9 III, ಗ್ಲೋಬಲ್ ಷಟರ್ ಇರುವ ಮೊದಲ ಪೂರ್ಣ ಫ್ರೇಮ್ ಮಿರರ್‌ಲೆಸ್. ಸಾಲುಸಾಲಾಗಿ ಅಲ್ಲದೆ ಎಲ್ಲ ಪಿಕ್ಸೆಲ್‌ಗಳೂ ಒಂದೇ ಕ್ಷಣದಲ್ಲಿ ತೆರೆದು ಮುಚ್ಚುವುದರಿಂದ ಬೀಸಿದ ಬ್ಯಾಟ್ ಬಾಗುವುದಿಲ್ಲ, ಫ್ಲ್ಯಾಶ್‌ಗೆ 1/200ರ ಕಟ್ಟುಪಾಡಿಲ್ಲ. ಬೆಲೆ ತೆತ್ತದ್ದು ಬೇರೆಡೆ. ಪ್ರತಿ ಪಿಕ್ಸೆಲ್ ತನ್ನ ಓದನ್ನು ಸರದಿ ಬರುವವರೆಗೆ ಹಿಡಿದಿಡಲು ಜಾಗ ಬೇಕು, ಆ ಜಾಗ ಬೆಳಕು ಹಿಡಿಯುವ ಭಾಗದಿಂದಲೇ ಹೋಗುತ್ತದೆ. ಹಾಗಾಗಿ ಅದರ ಮೂಲ ಐಎಸ್‌ಒ 100 ಅಲ್ಲ, 250. ಭೂದೃಶ್ಯ ತೆಗೆಯುವವರಿಗೆ ಇದು ನಷ್ಟವೇ.

ಇನ್ನೊಂದು ತಪ್ಪು ನಿರೀಕ್ಷೆ ಎಲ್‌ಇಡಿ ಮಿನುಗು. ಗ್ಲೋಬಲ್ ಷಟರ್ ಆ ಮಿನುಗಿನಿಂದ ಚಿತ್ರದಲ್ಲಿ ಮೂಡುವ ಅಡ್ಡ ಪಟ್ಟಿಗಳನ್ನು ಇಲ್ಲವಾಗಿಸುತ್ತದೆ, ಮಿನುಗನ್ನಲ್ಲ. ಒಂದು ಚಿತ್ರ ಪೂರ್ತಿ ಬೆಳಗಿ, ಮುಂದಿನದು ಪೂರ್ತಿ ಮಂಕಾಗಿ ಬರುತ್ತದೆ. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಆದ್ದರಿಂದ ಯಾವ ಕ್ಯಾಮೆರಾದಲ್ಲೂ 1/100 ಅಥವಾ 1/50 ಇಟ್ಟುಕೊಳ್ಳುವುದೇ ಪರಿಹಾರ.

ನಿಮ್ಮ ಈಗಿನ ಸೆನ್ಸರ್ ಎಷ್ಟು ಬೇಗ ಓದುತ್ತದೆ ಎಂಬುದನ್ನು ಅದೇ ಮಿನುಗಿನಿಂದ ತಿಳಿಯಬಹುದು. ಎಲೆಕ್ಟ್ರಾನಿಕ್ ಷಟರ್, 1/4000, ಕ್ಯಾಮೆರಾ ಅಡ್ಡಲಾಗಿ. ಮಿನುಗುವ ಎಲ್‌ಇಡಿ ಬೆಳಕು ಮಾತ್ರ ಬೀಳುವ ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆಯಿರಿ. ಮೇಲಿನಿಂದ ಕೆಳಗೆ ಎಷ್ಟು ಬೆಳಕು–ಕತ್ತಲ ಜೋಡಿ ಪಟ್ಟಿಗಳಿವೆ ಎಣಿಸಿ, 100ರಿಂದ ಭಾಗಿಸಿ. ಐದು ಜೋಡಿ ಇದ್ದರೆ 5/100, ಅಂದರೆ 1/20 ಸೆಕೆಂಡ್. ಓಡುವ ವಿಷಯಕ್ಕೆ ಇದು ನಿಧಾನ, ಮೆಕ್ಯಾನಿಕಲ್ ಷಟರ್ ಬಳಸಿ. 60 ಹರ್ಟ್ಸ್ ಇರುವಲ್ಲಿ 120ರಿಂದ ಭಾಗಿಸಬೇಕು. ಪಟ್ಟಿಯೇ ಬಾರದಿದ್ದರೆ ಆ ದೀಪದ ಡ್ರೈವರ್ ಚೆನ್ನಾಗಿದೆ ಎಂದರ್ಥ, ಬೇರೆ ದೀಪ ಹುಡುಕಿ. ಒಂದು ಜೋಡಿಯೂ ಪೂರ್ತಿ ಕಾಣದಿದ್ದರೆ ಸೆನ್ಸರ್ 1/100ಕ್ಕಿಂತ ವೇಗದ್ದು. 2021ರ ನಿಕಾನ್ ಜೆಡ್9 ಮೆಕ್ಯಾನಿಕಲ್ ಷಟರನ್ನೇ ಕೈಬಿಟ್ಟದ್ದು ಇಂಥ ವೇಗದ ಸ್ಟ್ಯಾಕ್ಡ್ ಸೆನ್ಸರ್ (ಪಿಕ್ಸೆಲ್‌ಗಳ ಕೆಳಗೆ ಓದುವ ಸರ್ಕ್ಯೂಟನ್ನು ಪದರವಾಗಿ ಜೋಡಿಸಿದ್ದು) ನಂಬಿ. ಬಹುಪಾಲು ಜನರಿಗೆ ಮುಂದಿನ ದಾರಿ ಗ್ಲೋಬಲ್ ಅಲ್ಲ, ಈ ಸ್ಟ್ಯಾಕ್ಡ್ ಸೆನ್ಸರ್ ಎಂದೇ ನಮ್ಮ ಅಂದಾಜು.

ಪ್ರಶ್ನೆ: ಚಿತ್ರ ತೆಗೆದ ಮೇಲೆ ಫೋಕಸ್ ಬದಲಿಸುವ ಕ್ಯಾಮೆರಾ ಬೇಕು.

ಬಂದು ಹೋಯಿತು. ಲೈಟ್ರೊ ಕಂಪನಿಯ ಮೊದಲ ಕ್ಯಾಮೆರಾ 2012ರಲ್ಲಿ, ಇಲ್ಲಮ್ 2014ರಲ್ಲಿ ಮಾರುಕಟ್ಟೆಗೆ ಬಂತು, 2018ರಲ್ಲಿ ಕಂಪನಿ ಮುಚ್ಚಿತು. ಬೆಳಕು ಎಲ್ಲಿ ಬಿತ್ತು ಎಂಬುದರ ಜೊತೆಗೆ ಯಾವ ದಿಕ್ಕಿನಿಂದ ಬಂತು ಎಂದೂ ದಾಖಲಿಸಬೇಕಾದ್ದರಿಂದ ಪಿಕ್ಸೆಲ್‌ಗಳು ಹಂಚಿಹೋಗುತ್ತವೆ. ಇಲ್ಲಮ್‌ನ 4 ಕೋಟಿ ಕಿರಣಗಳಿಂದ ಕೊನೆಗೆ ಸಿಗುತ್ತಿದ್ದದ್ದು ಸುಮಾರು 40 ಲಕ್ಷ ಪಿಕ್ಸೆಲ್‌ನ ಚಿತ್ರ.

ಅಲುಗಾಡದ ವಿಷಯಕ್ಕೆ ಫೋಕಸ್ ಸ್ಟ್ಯಾಕಿಂಗ್ (ಫೋಕಸ್ ಸ್ವಲ್ಪಸ್ವಲ್ಪ ಸರಿಸುತ್ತಾ ತೆಗೆದ ಚಿತ್ರಗಳನ್ನು ಒಂದಾಗಿಸುವುದು) ಇದೇ ಕೆಲಸವನ್ನು ಪೂರ್ಣ ವಿವರದೊಂದಿಗೆ ಮಾಡುತ್ತದೆ. 1:1 ಮ್ಯಾಕ್ರೊದಲ್ಲಿ (ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಾಗ) ಎಫ್ 5.6ಕ್ಕೆ ಸ್ಪಷ್ಟ ಆಳ ಅರ್ಧ ಮಿಲಿಮೀಟರ್ ಆಸುಪಾಸು. ಹೆಜ್ಜೆ 0.3 ಮಿ.ಮೀ. ಇಟ್ಟರೆ 8 ಮಿ.ಮೀ. ಆಳದ ಕೀಟಕ್ಕೆ 27 ಚಿತ್ರ, ಮುಂದೆ ಹಿಂದೆ ಎರಡೆರಡು ಹೆಚ್ಚು ಸೇರಿಸಿ. ಚಿತ್ರಗಳ ಸಂಖ್ಯೆ ಉಳಿಸಲು ಎಫ್ 16ಕ್ಕೆ ಮುಚ್ಚಬೇಡಿ. 1:1ರಲ್ಲಿ ಎಫ್ 8 ಇಟ್ಟರೂ ಪರಿಣಾಮದಲ್ಲಿ ಅದು ಎಫ್ 16. ಅಲ್ಲಿ ಒಂದು ಬಿಂದು ಸುಮಾರು 21 ಮೈಕ್ರಾನ್ ಚುಕ್ಕೆಯಾಗಿ ಹರಡುತ್ತದೆ, ಪಿಕ್ಸೆಲ್ ಇರುವುದು 4ರಿಂದ 6 ಮೈಕ್ರಾನ್.

ಪ್ರಶ್ನೆ: ಜೇಬಿನಲ್ಲಿ ಹಿಡಿಸುವ 400 ಮಿ.ಮೀ. ಎಫ್ 4 ಲೆನ್ಸ್? ಮೆಟಾಲೆನ್ಸ್ (ಅತಿಸೂಕ್ಷ್ಮ ರಚನೆಗಳಿಂದ ಬೆಳಕನ್ನು ಬಾಗಿಸುವ ಚಪ್ಪಟೆ ಲೆನ್ಸ್) ಬಂದರೆ ಆಗುತ್ತದಲ್ಲವೇ?

ಪೂರ್ಣ ಫ್ರೇಮ್‌ಗೆ ಆಗುವುದಿಲ್ಲ. 400ನ್ನು 4ರಿಂದ ಭಾಗಿಸಿ: ಬೆಳಕು ಒಳಬರುವ ಕಿಂಡಿ 100 ಮಿ.ಮೀ. ಅಗಲ ಇರಲೇಬೇಕು. ಮೆಟಾಲೆನ್ಸ್ ಗಾಜಿನ ದಪ್ಪವನ್ನು ಇಳಿಸೀತು, ಈ ಅಗಲವನ್ನಲ್ಲ. ಮೇಲಾಗಿ ಎಲ್ಲ ಬಣ್ಣಗಳನ್ನೂ ಒಂದೇ ಜಾಗಕ್ಕೆ ತರುವುದು ದೊಡ್ಡ ಮೆಟಾಲೆನ್ಸ್‌ಗೆ ಇನ್ನೂ ಕಷ್ಟದ ಕೆಲಸ.

ಪ್ರಶ್ನೆ: ಜಲಪಾತಕ್ಕೆಂದು ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜು) ಹೊತ್ತು ಸಾಕಾಗಿದೆ. ಕ್ಯಾಮೆರಾದೊಳಗೇ ಎನ್‌ಡಿ ಯಾಕಿಲ್ಲ?

ವಿಡಿಯೊ ಕ್ಯಾಮೆರಾಗಳಲ್ಲಿ ಇದೆ. 2015ರ ಸೋನಿ ಎಫ್‌ಎಸ್5 ಒಳಗಿನ ದ್ರವಸ್ಫಟಿಕ ಫಲಕ 1/4ರಿಂದ 1/128ರವರೆಗೆ, ಅಂದರೆ 2ರಿಂದ 7 ಸ್ಟಾಪ್, ಬೇಕಾದಷ್ಟಕ್ಕೆ ಕಪ್ಪಾಗುತ್ತದೆ. ಪೂರ್ತಿ ತಿಳಿಯಾದಾಗಲೂ ಎರಡು ಸ್ಟಾಪ್ ತಿನ್ನುವುದರಿಂದ, ಬೇಡವಾದಾಗ ಫಲಕವನ್ನು ಪಕ್ಕಕ್ಕೆ ಸರಿಸುವ ಯಂತ್ರ ಬೇಕು. ಸ್ಥಿರಚಿತ್ರದ ಕ್ಯಾಮೆರಾದಲ್ಲಿ ಅದೇ ಜಾಗದಲ್ಲಿ ಷಟರ್ ಇದೆ, ಅಲುಗಾಟ ತಡೆಯಲು ಸರಿದಾಡುವ ಸೆನ್ಸರ್ ಇದೆ. ಮೆಕ್ಯಾನಿಕಲ್ ಷಟರ್ ಹೋದ ಮೇಲೆ ಆ ಜಾಗ ಬಿಡುವಾಗುತ್ತದೆ. ಈ ಪಟ್ಟಿಯಲ್ಲಿ ಬೇಗ ಕೈಗೂಡುವ ಬಯಕೆ ಇದೇ ಇರಬಹುದು.

ಅಲ್ಲಿಯವರೆಗೆ ಸರಾಸರಿ ಮಾರ್ಗ ಹಿಡಿಯಿರಿ. ಟ್ರೈಪಾಡ್ ಮೇಲೆ 1/4 ಸೆಕೆಂಡಿನ 16 ಚಿತ್ರಗಳನ್ನು ಸತತ ತೆಗೆದು ತಂತ್ರಾಂಶದಲ್ಲಿ ಸರಾಸರಿ ಮಾಡಿದರೆ 4 ಸೆಕೆಂಡಿನ ನೀರು ಸಿಗುತ್ತದೆ, ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಬೇಕಾದದ್ದು ಸರಾಸರಿ, ಮೀಡಿಯನ್ (ನಡುವಿನ ಮೌಲ್ಯ) ಅಲ್ಲ. ಚಿತ್ರಗಳ ನಡುವಿನ ಬಿಡುವಿನಿಂದಾಗಿ ವಾಹನದ ದೀಪದ ಗೆರೆ ತುಂಡುತುಂಡಾಗುತ್ತದೆ. ನೀರಿಗೆ, ಮೋಡಕ್ಕೆ ಆ ತೊಂದರೆ ಕಾಣದು.

ಪ್ರಶ್ನೆ: ನನ್ನ ಚಿತ್ರ ಎಐ ಅಲ್ಲ ಎಂದು ಕ್ಯಾಮೆರಾವೇ ಸಾಕ್ಷಿ ಹೇಳುವಂತಾಗಬೇಕು.

ಅದು ಶುರುವಾಗಿದೆ. ಚಿತ್ರದ ಮೂಲವನ್ನು ದೃಢೀಕರಿಸಲೆಂದು 2021ರಲ್ಲಿ ಸ್ಥಾಪನೆಯಾದ ಸಿ2ಪಿಎ ಒಕ್ಕೂಟದ ಮಾನದಂಡದಂತೆ ಚಿತ್ರಕ್ಕೆ ಡಿಜಿಟಲ್ ಸಹಿ ಹಾಕುವ ಮೊದಲ ಕ್ಯಾಮೆರಾ ಲೈಕಾ ಎಂ11-ಪಿ, 2023ರದು. ಸಹಿ ಹೇಳುವುದು ಇಷ್ಟೇ: ಫೈಲ್ ಈ ಕ್ಯಾಮೆರಾದ್ದು, ಆಮೇಲೆ ಬದಲಾಗಿಲ್ಲ. ಪರದೆ ಮೇಲಿನ ಎಐ ಚಿತ್ರವನ್ನೇ ಮರುಫೋಟೊ ತೆಗೆದರೆ ಅದಕ್ಕೂ ಸಹಿ ಬೀಳುತ್ತದೆ. ಇದನ್ನು ತಡೆಯಲು ದೃಶ್ಯದ ಆಳದ ಮಾಹಿತಿಯೂ ಸಹಿಯೊಳಗೆ ಇರಬೇಕು. 2025ರಲ್ಲಿ ಒಂದು ಮಾದರಿಯ ಬಹು ಎಕ್ಸ್‌ಪೋಷರ್ ಮೋಡ್ ಮೂಲಕ ಬೇರೆ ಚಿತ್ರಕ್ಕೂ ಸಹಿ ಹಾಕಿಸಬಹುದೆಂದು ತಿಳಿದು, ಆ ಕಂಪನಿ ಕೊಟ್ಟ ಪ್ರಮಾಣಪತ್ರಗಳನ್ನೇ ಹಿಂಪಡೆಯಿತು. ಜೊತೆಗೆ, ಜಾಲತಾಣಗಳಿಗೆ ಏರಿಸುವಾಗ ಸಹಿ ಇರುವ ಮೆಟಾಡೇಟಾ (ಫೈಲ್ ಜೊತೆಗಿನ ಮಾಹಿತಿ) ಕಳಚಿಹೋಗುವುದು ಸಾಮಾನ್ಯ. ಸ್ಪರ್ಧೆಗೆ, ಪತ್ರಿಕೆಗೆ ಕಳಿಸುವವರು ಮೂಲ ರಾ ಫೈಲನ್ನೂ ಅದರ ಹಿಂದು ಮುಂದಿನ ನಾಲ್ಕೈದು ಫ್ರೇಮ್‌ಗಳನ್ನೂ ಅಳಿಸದೆ ಇಟ್ಟುಕೊಳ್ಳಿ. ಸದ್ಯಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಪ್ರಶ್ನೆ: ಫೋನಿನಂತೆ ಕ್ಯಾಮೆರಾದೊಳಗೇ ಮೆಮೊರಿ ಯಾಕೆ ಕೊಡುವುದಿಲ್ಲ?

ಕೊಡುವವರು ಇದ್ದಾರೆ. 2022ರಲ್ಲಿ ಬಂದ ಲೈಕಾ ಎಂ11ರಲ್ಲಿ 64 ಜಿಬಿ, ಹ್ಯಾಸಲ್‌ಬ್ಲಾಡ್ ಎಕ್ಸ್2ಡಿಯಲ್ಲಿ 1 ಟಿಬಿ ಇದೆ. ಕಾರ್ಡ್ ಮರೆತ ದಿನ ಕೆಲಸ ನಿಲ್ಲುವುದಿಲ್ಲ ಎಂಬುದೊಂದೇ ಸಾಕು, ಎಲ್ಲ ಕ್ಯಾಮೆರಾಗಳಲ್ಲೂ ಇರಬೇಕಾದ ಸೌಲಭ್ಯ ಇದು. ಆದರೆ ಕ್ಯಾಮೆರಾ ಕೆಟ್ಟರೆ ಒಳಗಿನ ಚಿತ್ರಗಳೂ ಅದರೊಂದಿಗೆ ಸಿಕ್ಕಿಕೊಳ್ಳುತ್ತವೆ. ಕಾರ್ಡಾದರೆ ತೆಗೆದು ಬೇರೆಡೆ ಹಾಕಬಹುದು. ಆದ್ದರಿಂದ ಮೆನುವಿನಲ್ಲಿ ಮೊದಲ ಸ್ಥಾನ ಕಾರ್ಡಿಗೆ, ನಕಲಿನ ಸ್ಥಾನ ಒಳಮೆಮೊರಿಗೆ ಕೊಡಿ. ಒಳಮೆಮೊರಿಯನ್ನು ಫಾರ್ಮ್ಯಾಟ್ ಮಾಡುವುದು ಚಿತ್ರಗಳು ಕಂಪ್ಯೂಟರ್ ಸೇರಿ, ತೆರೆದು ನೋಡಿದ ಮೇಲೆ ಮಾತ್ರ.