ಚಿಂಕ್ವೆ ಮುಲೀನಿ ಓಟಕ್ಕೆ ಆ ಹೆಸರು ಹೇಗೆ ಬಂತು? ಅದರ ಇತಿಹಾಸವೇನು?

ಇಟಾಲಿಯನ್ ಭಾಷೆಯಲ್ಲಿ ‘ಚಿಂಕ್ವೆ ಮುಲೀನಿ’ ಎಂದರೆ ಐದು ಗಿರಣಿಗಳು. ಮಿಲಾನ್ ಹತ್ತಿರದ ಸಾನ್ ವಿತ್ತೋರೆ ಒಲೋನಾದಲ್ಲಿ ಒಲೋನಾ ನದಿಯ ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳ ನಡುವೆ ಜೊವಾನ್ನಿ ಮಲೇರ್ಬಾ 1933ರಲ್ಲಿ ಈ ಗುಡ್ಡಗಾಡು ಓಟ ಶುರು ಮಾಡಿದರು. ಎರಡನೇ ಮಹಾಯುದ್ಧದ ವರ್ಷಗಳಲ್ಲೂ ಅದು ನಿಲ್ಲಲಿಲ್ಲ. ಮೊದಮೊದಲು ಇಟಲಿಯವರದೇ ಓಟವಾಗಿದ್ದು, ಆಮೇಲೆ ಅಂತರರಾಷ್ಟ್ರೀಯವಾಯಿತು. ಮಹಿಳೆಯರ ಓಟ ಸೇರಿದ್ದು 1970ರ ದಶಕದಲ್ಲಿ. ನನ್ನ ಪ್ರಕಾರ ಅಷ್ಟು ತಡವಾಗಬಾರದಿತ್ತು.

ಇದರ ನಿಜವಾದ ಸೊಗಸು ದಾರಿಯಲ್ಲಿದೆ. ಕೆಸರುಗದ್ದೆ ದಾಟಿ ಬಂದ ಓಟಗಾರರು ಹಳೆಯ ಗಿರಣಿಯ ಕಟ್ಟಡದೊಳಗೇ ನುಗ್ಗಿ ಹೋಗುತ್ತಾರೆ. ಅಲ್ಲಿ ದಾರಿ ಕಿರಿದು, ಹಿಂದಿನಿಂದ ಮುನ್ನುಗ್ಗಲು ಜಾಗವಿಲ್ಲ. ಹಾಗಾಗಿ ಗಿರಣಿ ಬರುವ ಮೊದಲೇ ಮುಂಚೂಣಿ ಹಿಡಿಯಬೇಕು. ಕೆಸರಿಗೆಂದು ಹಾಕಿದ, ಅಡಿಯಲ್ಲಿ ಉದ್ದ ಮೊಳೆಗಳಿರುವ ಸ್ಪೈಕ್ಸ್ ಬೂಟು ಗಟ್ಟಿ ನೆಲ ಸಿಕ್ಕೊಡನೆ ಹಿಡಿತ ತಪ್ಪಿ ಜಾರುತ್ತದೆ; ಹೆಜ್ಜೆ ಚಿಕ್ಕದಾಗಿಸಿದವರೇ ಅಲ್ಲಿ ಬಚಾವ್.